ಗೆಲುವು ಸೊನ್ನೆ, ಸೋಲು ಒಂದು

ಎಮಿಲ್ ಹ್ರುಷ್ಕಾ ಬೇಸ್‌ಬಾಲಿನ ಮೇಜರ್ ಲೀಗಿನಲ್ಲಿ ಗೆದ್ದದ್ದು ಒಂದೇ ಒಂದು ಪಂದ್ಯ. ಆ ಒಂದನ್ನೂ ಆಟಗಾರರ ಚಿತ್ರದ ಕಾರ್ಡು ಅಚ್ಚು ಹಾಕಿ ಮಾರುವ ಕಂಪನಿಯವರು ನುಂಗಿ ನೀರು ಕುಡಿದರು. ಬೇಕೆಂದೇ ಮಾಡಿದ್ದಲ್ಲ, ಅದು ಬೇರೆ ಮಾತು. ಬೇಕೆಂದು ಮಾಡಿದ್ದರೆ ಹೋಗಿ ಕೊರಳಪಟ್ಟಿಯನ್ನಾದರೂ ಹಿಡಿಯಬಹುದಿತ್ತು. ಅಂಕಿ ಜೋಡಿಸುವ ಯಾರೋ ಒಬ್ಬ ಪುಣ್ಯಾತ್ಮ, ಊಟಕ್ಕೆ ಏಳುವ ಅವಸರದಲ್ಲಿದ್ದನೋ ಉಂಡು ತೂಕಡಿಸುತ್ತಿದ್ದನೋ, ಎರಡು ಅಂಕಿಗಳನ್ನು ಅದಲುಬದಲು ಮಾಡಿಬಿಟ್ಟ. ಕಾರ್ಡಿನ ಹಿಂಭಾಗದಲ್ಲಿ ಗೆಲುವಿನ ಕೆಳಗೆ ಸೊನ್ನೆ ಬಂತು, ಸೋಲಿನ ಕೆಳಗೆ ಒಂದು ಬಂತು. ಅದೇ ಕಾರ್ಡು ದೇಶದ ಮೂಲೆ ಮೂಲೆಗೂ ಹೋಯಿತು. ಅದರ ಮುಂಭಾಗದಲ್ಲಿ ಎಮಿಲ್ ಟೋಪಿ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಾನೆ. ಬೆನ್ನ ಹಿಂದೆ ಏನು ಬರೆದಿದ್ದಾರೆಂದು ಗೊತ್ತಿಲ್ಲದವನ ನಗೆ ಅದು.

ಬೇಸ್‌ಬಾಲಿನಲ್ಲಿ ಗೆಲುವು ಸೋಲು ತಂಡಕ್ಕಷ್ಟೇ ಸೇರುವುದಿಲ್ಲ, ಚೆಂಡೆಸೆಯುವ ಪಿಚರ್‌ನ ಹೆಸರಿಗೂ ಸೇರುತ್ತದೆ. ಹತ್ತು ವರ್ಷ ಚಿಕ್ಕ ಲೀಗುಗಳ ಬಸ್ಸುಗಳಲ್ಲಿ ಬೆನ್ನು ಸವೆಸಿ, ಇನ್ನೇನು ಸಾಕು ಎನ್ನುವಷ್ಟರಲ್ಲಿ, ಎಂಬತ್ತೆಂಟರ ಸೆಪ್ಟೆಂಬರಿನಲ್ಲಿ ಎಮಿಲ್‌ಗೆ ಪಶ್ಚಿಮ ಕರಾವಳಿಯ ಒಂದು ದೊಡ್ಡ ತಂಡದಿಂದ ಕರೆ ಬಂದಿತ್ತು. ಮೂರು ಪಂದ್ಯಗಳಲ್ಲಿ ಅಷ್ಟಿಷ್ಟು ಎಸೆದ. ಎದುರಾಳಿಗೆ ಒಂದೇ ಒಂದು ರನ್ನೂ ಬಿಟ್ಟುಕೊಡಲಿಲ್ಲ. ಒಂದು ದಿನ, ಪಂದ್ಯ ಸಮಸಮ ಇದ್ದಾಗ, ಅವನು ಎಸೆದು ಬಂದು ಕೂತ ಮೇಲೆ ಅವನ ತಂಡ ಮುಂದೆ ಹೋಯಿತು, ಹಾಗೇ ಗೆದ್ದಿತು. ನಿಯಮದ ಪ್ರಕಾರ ಆ ಗೆಲುವು ಎಮಿಲ್ ಹೆಸರಿಗೆ. ಮುಂದಿನ ಫೆಬ್ರವರಿಯಲ್ಲಿ ಅಭ್ಯಾಸ ಮಾಡುವಾಗ ಭುಜದೊಳಗೆ ಏನೋ ಪಟ್ಟನೆ ಹರಿಯಿತು. ಅಲ್ಲಿಗೆ ಆಟ ಮುಗಿಯಿತು. ದೇಶದ ಪೂರ್ವಕ್ಕಿರುವ ನಮ್ಮ ಜಾನ್ಸ್‌ಟೌನಿಗೆ ವಾಪಸು ಬಂದು ಟೈರ್ ಅಂಗಡಿ ಸೇರಿದ. ಎಡಗೈಯಲ್ಲಿ ಟೈರ್ ಎತ್ತುತ್ತಿದ್ದ, ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಉಕ್ಕಿನ ಕಾರ್ಖಾನೆಯ ಒಲೆಗಳು ಆರಿದ ಮೇಲೆ ಈ ಊರಲ್ಲಿ ಯಾರಿಗೂ ಏನೂ ಒಳ್ಳೆಯದಾಗಿರಲಿಲ್ಲ. ಹಾಗಿರುವಾಗ ಮೇಜರ್ ಲೀಗಿನಲ್ಲಿ ಒಂದು ಪಂದ್ಯ ಗೆದ್ದ ಮಗ ಅಂದರೆ ಸಣ್ಣ ಮಾತೇ? ಆದರೆ ಗೆದ್ದದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ಅಲ್ಲಿ ಸಂಜೆ ಆಟ ಶುರುವಾದರೆ ಇಲ್ಲಿ ಜನ ಮಲಗುವ ಹೊತ್ತು. ನಮ್ಮೂರ ಪತ್ರಿಕೆ ಅಚ್ಚಿಗೆ ಹೋದಾಗ ಪಂದ್ಯ ಇನ್ನೂ ನಡೆಯುತ್ತಲೇ ಇತ್ತು. ಮರುದಿನ ಒಂದು ಮೂಲೆಯಲ್ಲಿ ತಂಡಗಳ ಹೆಸರು, ರನ್ನು, ಅಷ್ಟೇ ಹಾಕಿದರು. ಯಾರು ಎಸೆದರು, ಗೆಲುವು ಯಾರದು, ಒಂದಕ್ಷರವಿಲ್ಲ.

ಊರು ನಂಬದಿದ್ದರೆ ಹಾಳಾಗಲಿ. ಎಮಿಲ್‌ಗೆ ಬೇಕಿದ್ದದ್ದು ಒಬ್ಬನ ನಂಬಿಕೆ. ಅದು ಅವನಪ್ಪ ಮಾತೂಶ್‌ನದು.

ಮಾತೂಶ್ ಹ್ರುಷ್ಕಾ ಕಾರ್ಖಾನೆಯಲ್ಲಿ ನಂಬರೊತ್ತುವ ಕೆಲಸದಲ್ಲಿದ್ದವನು. ಕೆಂಪಗೆ ಕಾದ ಉಕ್ಕಿನ ದಿಮ್ಮಿ ಬಂದಾಗ ಅದು ಯಾವ ಒಲೆಯದು, ಯಾವ ಹದದ್ದು ಎಂದು ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಒಂದು ಅಂಕಿ ತಪ್ಪಿದರೆ ಸೇತುವೆಗೆ ಹೋಗಬೇಕಾದ ಉಕ್ಕು ಡಬ್ಬಿಗೆ ಹೋಗುತ್ತದೆ, ಡಬ್ಬಿಯದು ಸೇತುವೆಗೆ ಹೋಗುತ್ತದೆ. ತನ್ನ ಜೀವಮಾನದಲ್ಲಿ ಮುದುಕ ಒಂದು ನಂಬರನ್ನೂ ತಪ್ಪಾಗಿ ಒತ್ತಿದವನಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ, ಅವನ ಜೊತೆ ದುಡಿದವರೂ ಇಲ್ಲ ಅನ್ನುತ್ತಿರಲಿಲ್ಲ. ಈಗ ಶ್ವಾಸಕೋಶದಲ್ಲಿ ಕಾರ್ಖಾನೆಯ ದೂಳು ತುಂಬಿಕೊಂಡು, ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದ. ಮುಂದಿನ ಚಳಿಗಾಲ ಕಾಣುವುದು ಕಷ್ಟ ಎಂದು ಡಾಕ್ಟರು ಅವನ ಹೆಂಡತಿ ಲುಡ್ಮಿಲಾಗೆ ಹೇಳಿದ್ದರು. ಅದು ಎಮಿಲ್‌ಗೂ ಗೊತ್ತಿತ್ತು, ಮುದುಕನಿಗಂತೂ ಮೊದಲೇ ಗೊತ್ತಿತ್ತು.

ಮಗನ ಮಾತನ್ನು ಅಪ್ಪ ನಂಬದಿರುವುದಕ್ಕೂ ಒಂದು ಕಾರಣವಿತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ, ಐಯೊವಾದ ಯಾವುದೋ ಪುಟ್ಟ ತಂಡದಲ್ಲಿದ್ದಾಗ, ಎಮಿಲ್ ಮನೆಗೆ ಫೋನ್ ಮಾಡಿ, "ಅಪ್ಪಾ, ಇಲ್ಲಿ ನಾನೇ ಮುಖ್ಯ ಪಿಚರ್ರು. ಗೆದ್ದಿದ್ದೇ ಗೆದ್ದಿದ್ದು" ಎಂದು ಕೊಚ್ಚಿಕೊಂಡಿದ್ದ. ನಿಜವಾಗಿ ಅವನು ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದ. ಅಪ್ಪ ಅದನ್ನು ನಂಬಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎದೆಯುಬ್ಬಿಸಿ ಹೇಳಿದ. ಅಲ್ಲಿ ಕೂತಿದ್ದ ಒಬ್ಬ ಕ್ರೀಡಾ ವಾರಪತ್ರಿಕೆ ತೆಗೆದು, ಆ ತಂಡದ ಪರವಾಗಿ ಎಸೆದ ಪಿಚರ್‌ಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದ. ಹ್ರುಷ್ಕಾ ಅನ್ನುವ ಹೆಸರೇ ಇಲ್ಲ. ಇಡೀ ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಅವತ್ತು ಸಂಜೆ ಮಾತೂಶ್ ಊಟ ಮುಟ್ಟಲಿಲ್ಲ. ಮಗನಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದ.

"ನಿನ್ನ ಬಾಯಿಂದ ಬಂದಿದ್ದು ಇನ್ನು ನನ್ನ ಕಿವಿಗೆ ಬೇಡ. ಅಚ್ಚಾಗಿ ಬರಲಿ, ನಂಬ್ತೀನಿ."

ಅದಕ್ಕೇ, ಗೆದ್ದ ರಾತ್ರಿ ಕರಾವಳಿಯಿಂದ ಎಮಿಲ್ ಫೋನ್ ಮಾಡಿದಾಗಲೂ ಮುದುಕ ಹಾರಿ ಕುಣಿಯಲಿಲ್ಲ. ರೇಡಿಯೊ ಹಿಡಿದುಕೊಂಡೇ ಕೂತಿದ್ದನಂತೆ, ಮಗನ ಹೆಸರು ಕೇಳಿ ಬಂದ ಹೊತ್ತಿಗೆ ಸರಿಯಾಗಿ ಗೊರಗೊರ ಸದ್ದೆದ್ದು ಸ್ಟೇಷನ್ನು ಹೋಗಿಬಿಟ್ಟಿತಂತೆ. "ಆಗಲಿ, ಕಾರ್ಡು ಬರುತ್ತಲ್ಲ. ಅದರಲ್ಲಿ ನೋಡೋಣ" ಎಂದ. ಚಳಿಗಾಲವಿಡೀ ಆ ಕಾರ್ಡಿಗಾಗಿ ಕಾದವನು ಅವನೇ. ಮೇಜರ್ ಲೀಗಿಗೆ ಹೋದವರ ಕಾರ್ಡು ಬಂದೇ ಬರುತ್ತದೆ, ಹಿಂಭಾಗದಲ್ಲಿ ಎಲ್ಲ ಅಂಕಿಯೂ ಇರುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಬಂತು. ಲುಡ್ಮಿಲಾ ಔಷಧಿ ಅಂಗಡಿಯಿಂದ ರೆಡ್‌ಬಾರ್ನ್ ಕಂಪನಿಯ ಕಾರ್ಡಿನ ಪೊಟ್ಟಣಗಳನ್ನು ತಂದು, ಒಂದೊಂದಾಗಿ ಬಿಚ್ಚಿ, ಮಗನ ಮುಖ ಕಂಡ ಕೂಡಲೇ ಶಿಲುಬೆಯ ಗುರುತು ಮಾಡಿಕೊಂಡು ಗಂಡನ ಕೈಗಿಟ್ಟಳು. ಮುದುಕ ಮುಂಭಾಗ ನೋಡಲೂ ಇಲ್ಲ. ತಿರುಗಿಸಿ, ಭೂತಗನ್ನಡಿ ಹಿಡಿದು ಓದಿದ. ಆಮೇಲೆ ಕಾರ್ಡನ್ನು ಹೊದಿಕೆಯ ಮೇಲೆ ಬೋರಲು ಇಟ್ಟ.

"ಗೆಲುವು ಸೊನ್ನೆ. ಸೋಲು ಒಂದು."

"ಅಪ್ಪಾ, ಅದು ಅಚ್ಚಿನ ತಪ್ಪು. ಅದಲುಬದಲಾಗಿದೆ" ಎಂದ ಎಮಿಲ್.

"ಅಚ್ಚಿನ ತಪ್ಪು" ಎಂದು ಮುದುಕ ಅದನ್ನೇ ಹೇಳಿದ. "ಅಲ್ಲಯ್ಯಾ, ನಾನು ಇಷ್ಟು ವರ್ಷ ಒತ್ತಿದೆ. ನನ್ನ ಹಿಂದೆ ನೋಡೋನು ಒಬ್ಬ, ಅವನ ಹಿಂದೆ ನೋಡೋನು ಇನ್ನೊಬ್ಬ. ಅಷ್ಟು ದೊಡ್ಡ ಕಂಪನೀಲಿ ನೋಡೋರು ಇರೋದಿಲ್ವಾ? ನಿನ್ನೊಬ್ಬನ ಅಂಕೀನೇ ತಪ್ಪಬೇಕಾ?"

ಬೈದಿದ್ದರೆ ಎಮಿಲ್ ತಡೆದುಕೊಳ್ಳುತ್ತಿದ್ದ. ಮುದುಕ ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ.

ಗಸ್‌ನ ಬಾರಿನಲ್ಲಂತೂ ಕೇಳುವುದೇ ಬೇಡ. ಕೆಲಸವಿಲ್ಲದ ಗಂಡಸರಿಗೆ ನಾಲಿಗೆ ಒಂದೇ ಕೆಲಸ. ಎಮಿಲ್ ಬಾಗಿಲು ತಳ್ಳಿದರೆ ಸಾಕು, "ಬಾರಯ್ಯಾ ಸೊನ್ನೆ-ಒಂದು, ಇವತ್ತು ಯಾರ ಹತ್ರ ಸೋತೆ?" ಎಂದು ಗಸ್ ಗ್ಲಾಸು ಒರೆಸುತ್ತಲೇ ಕೇಳುತ್ತಿದ್ದ. ಎಮಿಲ್ ಹಲ್ಲು ಕಚ್ಚಿಕೊಂಡು ಒಂದು ಬಿಯರ್ ಕುಡಿದು ಏಳುತ್ತಿದ್ದ. ಬರಬರುತ್ತಾ ಅಲ್ಲಿಗೆ ಹೋಗುವುದನ್ನೇ ಬಿಟ್ಟ.

ಏಪ್ರಿಲ್‌ನ ಒಂದು ಮಧ್ಯಾಹ್ನ ಟೈರ್ ಅಂಗಡಿಯ ಮುಂದೆ ಖಾಲಿ ಸ್ಕೂಲ್ ಬಸ್ಸೊಂದು ನಿಂತಿತು. ಅದರಿಂದ ಗುಂಡಗಿನ, ದಪ್ಪ ಕನ್ನಡಕದ, ಐವತ್ತು ದಾಟಿದ ಒಬ್ಬ ಇಳಿದ. ಟೈರ್ ಬದಲಿಸಲು ಬಂದವನಲ್ಲ. ಕಿಸೆಯಿಂದ ಕಾರ್ಡೊಂದನ್ನು ಅಂಚಿನಲ್ಲಿ ಮಾತ್ರ ಹಿಡಿದು ತೆಗೆದ, ಬಿಸಿ ತಟ್ಟೆ ಹಿಡಿದವರ ಹಾಗೆ.

"ನೀನೇ ತಾನೇ ಹ್ರುಷ್ಕಾ? ನಾನು ನಾರ್ಬರ್ಟ್ ಕ್ಲಿಂಗರ್. ನಿನ್ನ ಕಾರ್ಡಲ್ಲಿ ತಪ್ಪಿದೆ, ಗೊತ್ತಾ ನಿಂಗೆ?"

ಎಮಿಲ್ ಕೈಯಲ್ಲಿದ್ದ ಟೈರನ್ನು ನೆಲಕ್ಕಿಟ್ಟ. ತಪ್ಪಿದೆ ಎಂದು ತನ್ನ ಬಾಯಿಂದಲ್ಲದೆ ಬೇರೊಬ್ಬರ ಬಾಯಿಂದ ಅವನು ಕೇಳಿದ್ದು ಅದೇ ಮೊದಲು.

"ನಿನಗೆ ಹೇಗೆ ಗೊತ್ತಾಯ್ತು?"

"ಅದೇನು ಬ್ರಹ್ಮವಿದ್ಯೆಯಾ? ರನ್ ಬಿಟ್ಟಿದ್ದು ಸೊನ್ನೆ ಅಂತ ಹಾಕಿದ್ದಾರೆ, ಸೋಲು ಒಂದು ಅಂತಾನೂ ಹಾಕಿದ್ದಾರೆ. ಒಂದು ರನ್ನೂ ಬಿಡದ ಪಿಚರ್ರು ಸೋಲೋದು ಹೇಗಪ್ಪಾ? ತಂತಾನೇ ಸೋತ್ನಾ? ಆಮೇಲೆ ವಾರಪತ್ರಿಕೆ ತೆಗೆದು ನೋಡ್ದೆ. ಗೆಲುವು ನಿಂದೇ."

ನಾರ್ಬರ್ಟ್ ತಪ್ಪು ಹುಡುಕುವವನು. ಬೆಳಿಗ್ಗೆ ಸಂಜೆ ಮಕ್ಕಳನ್ನು ಶಾಲೆಗೆ ಸಾಗಿಸುವುದು ಹೊಟ್ಟೆಪಾಡು, ಕಾರ್ಡಿನ ತಪ್ಪು ಹುಡುಕುವುದು ಅವನ ಜೀವ. ಹುಟ್ಟಿದ ಊರು ತಪ್ಪಿದ್ದು, ಎಡಗೈಯವನನ್ನು ಬಲಗೈಯವನೆಂದದ್ದು, ಫೋಟೊ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದು, ಎಲ್ಲ ಅವನ ಕಣ್ಣಿಗೆ ಬೀಳುತ್ತಿದ್ದವು. ಭಾನುವಾರ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಕಾರ್ಡಿನ ಸಂತೆ ನಡೆದಾಗ ಅವನ ಮೇಜಿನ ಸುತ್ತ ಅಂಥವರೇ ನಾಲ್ಕು ಜನ ಸೇರಿ ಕನ್ನಡಕ ಏರಿಸಿಕೊಂಡು ಜಗಳವಾಡುತ್ತಿದ್ದರು.

"ಅದನ್ನ ತಿದ್ದಿಸೋಕಾಗುತ್ತಾ?" ಎಂದು ಎಮಿಲ್ ಕೇಳಿದ.

ನಾರ್ಬರ್ಟ್ ಕಣ್ಣು ಮಿಟುಕಿಸಿದ. "ತಿದ್ದಿಸದೆ ಬಿಡ್ತೀವಾ? ತಿದ್ದಿದ್ರೇನೇ ಮಜಾ ಇರೋದು. ಕಂಪನಿಗೂ ಬರೀತೀನಿ, ಕಾರ್ಡು ಸಂಗ್ರಹಿಸೋ ನಮ್ಮಂಥೋರ ಪತ್ರಿಕೆಗೂ ಬರೀತೀನಿ. ಪತ್ರಿಕೇಲಿ ಬಂದ್ರೆ ಅವರಿಗೆ ನಾಚಿಕೆ ಆಗುತ್ತೆ. ಉತ್ತರ ಗಿತ್ತರ ಕೊಡೋದಿಲ್ಲ ಮತ್ತೆ, ತಪ್ಪು ಒಪ್ಪಿಕೊಂಡ ಹಾಗಾಗುತ್ತಲ್ಲ. ಸುಮ್ಮನೆ ಎರಡನೇ ಸಲ ಅಚ್ಚು ಹಾಕುವಾಗ ಸರಿಮಾಡಿಬಿಡ್ತಾರೆ."

ಆ ಕಣ್ಣು ಮಿಟುಕಿಸಿದ್ದು ಏಕೆಂದು ಎಮಿಲ್‌ಗೆ ಆಗ ತಿಳಿಯಲಿಲ್ಲ. ಹೋದ ಮಾನ ವಾಪಸು ತರಲು ಹೊರಟ ಧರ್ಮಾತ್ಮ ಎಂದುಕೊಂಡ. ಅಪ್ಪನ ವಿಷಯವನ್ನು ಅವನು ನಾರ್ಬರ್ಟ್‌ಗೆ ಹೇಳಲಿಲ್ಲ. ಹೆತ್ತ ಅಪ್ಪನೇ ನನ್ನನ್ನು ನಂಬುವುದಿಲ್ಲ ಎಂದು ಗುರುತಿಲ್ಲದವನ ಮುಂದೆ ಹೇಗೆ ಹೇಳುವುದು? ನಾಚಿಕೆಗೆ ಬಾಯಿ ಕಟ್ಟಿತು. ಆ ಒಂದು ಮಾತು ಹೇಳಿದ್ದರೆ ಈ ಕತೆಯೇ ಬೇರೆಯಾಗುತ್ತಿತ್ತು.

ಅವತ್ತು ಸಂಜೆ ಎಮಿಲ್ ಹಾರುತ್ತಾ ಮನೆಗೆ ಹೋಗಿ, ರನ್ ಸೊನ್ನೆ ಇದ್ದಾಗ ಸೋಲು ಒಂದಾಗಲು ಸಾಧ್ಯವೇ ಇಲ್ಲ ಎಂಬ ಲೆಕ್ಕವನ್ನು ಅಪ್ಪನ ಮುಂದಿಟ್ಟ. ಮುದುಕ ಉಸಿರೆಳೆದುಕೊಂಡು ಯೋಚಿಸಿದ.

"ಅಲ್ಲಿಗೆ ಒಂದಂಕಿ ತಪ್ಪು ಅಂತಾಯ್ತು. ರನ್ನಿನ ಸೊನ್ನೇನೇ ತಪ್ಪಿರಬಹುದಲ್ಲ?"

"ವಾರಪತ್ರಿಕೇಲಿದೆ ಅಪ್ಪಾ. ನಾರ್ಬರ್ಟ್ ಅಂತ ಒಬ್ಬ ನೋಡಿದಾನೆ."

"ಯಾರವನು?"

"ಸ್ಕೂಲ್ ಬಸ್ ಓಡಿಸ್ತಾನೆ."

"ಒಂದು ಕಡೆ ಕಂಪನಿ, ಒಂದು ಕಡೆ ನಿನ್ನ ಬಸ್ಸಿನೋನು. ಪತ್ರಿಕೆ ತಂದಿಟ್ರೂ ಎರಡರಲ್ಲಿ ಯಾವುದು ಸರಿ ಅಂತ ಯಾರು ಹೇಳೋರು?" ಎಂದ ಮುದುಕ. ಕೆಮ್ಮು ಬಂತು. ಕೆಮ್ಮು ಇಳಿದ ಮೇಲೆ ಮೆತ್ತಗೆ, ಮಗನ ಮುಖ ನೋಡದೆ ಕೇಳಿದ. "ಅವರೇ ತಿದ್ದುತಾರೆ ಅಂತೀಯಾ?"

"ತಿದ್ದುತಾರೆ."

"ತಿದ್ದಲಿ. ಒತ್ತಿದೋನೇ ತಪ್ಪಾಯ್ತು ಅಂತ ಮತ್ತೆ ಒತ್ತಿದ್ರೆ ಅದಕ್ಕೆ ಬೆಲೆ. ಆವಾಗ ಕ್ಯಾಂಟೀನಿನೋರನ್ನೆಲ್ಲ ಇಲ್ಲಿಗೇ ಕರೆಸ್ತೀನಿ."

ಮುದುಕನಿಗೂ ನಂಬಬೇಕೆಂಬ ಆಸೆ ಇದೆ ಎಂದು ಎಮಿಲ್‌ಗೆ ಹೊಳೆದದ್ದು ಆಗಲೇ. ಅದು ಹೊಳೆದ ಮೇಲೆ ಅವನಿಗೆ ನೆಮ್ಮದಿಯೇ ಇಲ್ಲದಾಯಿತು. ಕೆಲಸದಿಂದ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರೆ ಒಳಗಿಂದ ದನಿ ಬರುತ್ತಿತ್ತು. "ತಿದ್ದಿದ್ರಾ?" ಇನ್ನೂ ಇಲ್ಲ ಅಪ್ಪಾ ಎನ್ನಬೇಕು. ಮೇ ಆಯಿತು, ಜೂನ್ ಆಯಿತು. ಮುದುಕನ ದನಿ ಸಣ್ಣಗಾಗುತ್ತಾ ಬಂತು, ಪ್ರಶ್ನೆ ಮಾತ್ರ ಅದೇ. ಸುಮ್ಮನೆ ಹೂಂ ಎಂದುಬಿಡಬಹುದಿತ್ತು. ಆದರೆ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನು ಅವನು. ಹೂಂ ಎಂದರೆ, ಎಲ್ಲಿ ತೋರಿಸು ಎಂಬ ಮಾತು ಬಂದೇ ಬರುತ್ತಿತ್ತು.

ಕಂಪನಿಗೆ ತಾನೇ ಫೋನ್ ಮಾಡಿದ. ಅಲ್ಲಿಯ ಹುಡುಗಿ ನಯವಾಗಿಯೇ, "ದೂರು ಇದ್ರೆ ಬರೆದು ಕಳಿಸಿ ಸರ್" ಎಂದಳು. ಬರೆದು ಕಳಿಸಿದ. ಉತ್ತರವಿಲ್ಲ. ಜೂನ್ ಕೊನೆಯಲ್ಲಿ ಭಾನುವಾರದ ಸಂತೆಗೆ ಹೋಗಿ ನಾರ್ಬರ್ಟ್‌ನನ್ನು ಕೇಳಿದ.

"ಇನ್ನೂ ಇಲ್ಲ ಕಣೋ. ಪತ್ರಿಕೇಲಿ ನನ್ನ ಕಾಗದ ಹಾಕಿದ್ದಾರೆ, ಇನ್ನೇನು ಬರುತ್ತೆ. ನೀನ್ಯಾಕೆ ಹೆರಿಗೆಗೆ ಹೋದವಳ ಗಂಡನ ಹಾಗೆ ಒದ್ದಾಡ್ತೀಯಾ? ಬಂದ ದಿನ ನಾನೇ ನಿನ್ನ ಹುಡುಕಿಕೊಂಡು ಬರ್ತೀನಿ."

ಅವನನ್ನು ನಂಬಿಕೊಂಡು ಸುಮ್ಮನೆ ಕೂರಲು ಎಮಿಲ್‌ನಿಂದಾಗಲಿಲ್ಲ. ಜುಲೈ ಹುಟ್ಟುತ್ತಲೇ ತಾನೇ ಬೇಟೆ ಶುರು ಮಾಡಿದ. ಔಷಧಿ ಅಂಗಡಿ, ಪೆಟ್ರೋಲ್ ಬಂಕು, ಮೂಲೆಯ ಕಿರಾಣಿ, ಎಲ್ಲಿ ಕಾರ್ಡಿನ ಪೊಟ್ಟಣ ತೂಗಿದೆಯೋ ಅಲ್ಲೆಲ್ಲ ಕೊಂಡ. ಹಳೆ ಟ್ರಕ್ಕಿನಲ್ಲಿ ಕೂತು ಮೇಣದ ಕಾಗದ ಹರಿದು, ಕಾರ್ಡಿನ ಜೊತೆ ಬರುವ ಒಣಗಿದ ಬಬಲ್‌ಗಮ್ ಪಟ್ಟಿಯನ್ನು ಪಕ್ಕಕ್ಕೆಸೆದು, ಕಾರ್ಡು ಕಾರ್ಡು ತಿರುವಿ ನೋಡುತ್ತಿದ್ದ. ಅಪರೂಪಕ್ಕೆ ತನ್ನ ಮುಖ ಕಾಣುತ್ತಿತ್ತು. ತಿರುಗಿಸಿದರೆ ಅದೇ ಸೊನ್ನೆ, ಅದೇ ಒಂದು. ಟ್ರಕ್ಕಿನ ಕಾಲಡಿ ಕಾಗದದ ರಾಶಿ ಬೆಳೆಯಿತು, ಬಿಸಿಲಿಗೆ ಸಕ್ಕರೆಯ ವಾಸನೆ ಗಮ್ಮೆಂದು ಅಡರುತ್ತಿತ್ತು. "ಈ ವಯಸ್ಸಲ್ಲಿ ಇಷ್ಟೊಂದು ಗಮ್ಮು ತಿಂದ್ರೆ ಹಲ್ಲು ಉದುರುತ್ತೆ ಕಣಪ್ಪಾ" ಎಂದು ಕಿರಾಣಿಯವಳು ಗೇಲಿ ಮಾಡಿದಳು. ಅವನು ಇನ್ನೊಂದು ಪೊಟ್ಟಣ ತೆಗೆದು ಕಾಸು ಇಟ್ಟ.

ಆಗಸ್ಟ್ ಮೊದಲಲ್ಲಿ ಮಾತೂಶ್ ಊಟ ಬಿಟ್ಟ. ಲುಡ್ಮಿಲಾ ಎಲೆಕೋಸಿನ ಸಾರನ್ನು ಚಮಚದಲ್ಲಿ ತುಟಿಗೆ ಹಿಡಿದರೆ ಅರ್ಧ ಹೊರಗೆ ಬರುತ್ತಿತ್ತು. ಪಾದ್ರಿ ಬಂದು ಕೊನೆಗಾಲದ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಹೋದರು. ಅವರು ಹೋದ ಮೇಲೆ ಮುದುಕ ಕಣ್ಣು ತೆರೆದು, ತುಟಿ ಮಾತ್ರ ಅಲ್ಲಾಡಿಸಿ ಎಮಿಲ್‌ನನ್ನು ಕೇಳಿದ. ದನಿ ಹೊರಡಲಿಲ್ಲ, ಆದರೆ ಏನು ಕೇಳಿದನೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಆಗ ಎಮಿಲ್ ಮಾಡಬಾರದ್ದನ್ನು ಮಾಡಿದ. ಬೈಯುವವರು ಬೈಯಲಿ, ಅವನ ಜಾಗದಲ್ಲಿ ಕೂತು ಬೈಯಲಿ. ಅಡುಗೆಮನೆಯ ಮೇಜಿನ ಮೇಲೆ ತನ್ನದೇ ಕಾರ್ಡುಗಳನ್ನು ಹರಡಿಕೊಂಡು, ಕ್ಷೌರದ ಬ್ಲೇಡಿನ ತುದಿಯಿಂದ ಸೊನ್ನೆಯನ್ನು ಕೆರೆದ, ಒಂದನ್ನು ಕೆರೆದ. ಸಣ್ಣ ಮೊನೆಯ ಪೆನ್ನಿನಿಂದ ಅಲ್ಲಿ ಒಂದು, ಇಲ್ಲಿ ಸೊನ್ನೆ ಬರೆದ. ಮೊದಲಿನವು ತೂತು ಬಿದ್ದವು, ಕೆಲವು ಮಸಿ ಕುಡಿದು ಹರಡಿದವು. ಕೊನೆಗೊಂದು ಸರಿಯಾಗಿ ಬಂತು. ದೂರದಿಂದ ನೋಡಿದರೆ ಅಚ್ಚಿನದೇ. ಆ ಅಂಕಿ ಸುಳ್ಳೂ ಅಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೆಳಿಗ್ಗೆ ಅದನ್ನು ಅಪ್ಪನ ಕೈಗಿಟ್ಟ.

"ಅಪ್ಪಾ, ಬಂತು."

ಮುದುಕನ ಮುಖದಲ್ಲಿ ಆ ಕ್ಷಣ ಮೂಡಿದ್ದನ್ನು ನೋಡಿದ್ದರೆ ಕಲ್ಲೂ ಕರಗುತ್ತಿತ್ತು. ಭೂತಗನ್ನಡಿಗೆ ಕೈಚಾಚಿದ. ಲುಡ್ಮಿಲಾ ಎತ್ತಿ ಕೊಟ್ಟಳು. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಉಕ್ಕಿನ ಮೇಲಿನ ಅಂಕಿಯನ್ನು ಹಾಗೆಯೇ ಓರೆಯಾಗಿ ನೋಡುತ್ತಿದ್ದವನು ಅವನು. ಕೆರೆದ ಜಾಗದಲ್ಲಿ ಕಾಗದದ ಹೊಳಪು ಹೋಗಿ ನೂಲು ನೂಲಾಗಿತ್ತು. ಬಹಳ ಹೊತ್ತು ನೋಡಿದ. ಕನ್ನಡಿ ಹೊದಿಕೆಯ ಮೇಲೆ ಬಿತ್ತು.

"ಮತ್ತೆ ಶುರು ಮಾಡಿದೆಯಾ" ಎಂದ.

ಅಷ್ಟೇ. ಅದು ಪ್ರಶ್ನೆಯೂ ಆಗಿರಲಿಲ್ಲ. ಎಮಿಲ್ ಮಂಡಿಯೂರಿ, ಅಪ್ಪಾ ಗೆದ್ದದ್ದು ನಿಜ, ಬರೆದದ್ದು ಮಾತ್ರ ನಾನು ಎಂದು ಗೋಗರೆದ. ಹಾಗೆಂದರೆ ಏನು ಎಂದು ಅವನಿಗೇ ಗೊತ್ತಾಗದಂತೆ ಮಾತು ತೊದಲಿತು. ಮುದುಕ ಗೋಡೆಯ ಕಡೆ ತಿರುಗಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಮರುದಿನ ಮಧ್ಯಾಹ್ನ, ಲುಡ್ಮಿಲಾ ದಿಂಬು ಸರಿಮಾಡಲು ಹೋದಾಗ, ಉಸಿರು ನಿಂತಿತ್ತು.

ಶವಸಂಸ್ಕಾರದ ಮನೆಯವರು ಮಾತೂಶ್‌ಗೆ ಮದುವೆಯ ಸೂಟು ಹಾಕಿ, ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಿದ್ದರು. ಕ್ಯಾಂಟೀನಿನವರೆಲ್ಲ ಬಂದರು. ಗಸ್ ಕೂಡ ಬಂದ, ಟೈ ಕಟ್ಟಿಕೊಂಡು, ಮೊದಲ ಸಲ ಎಮಿಲ್‌ನನ್ನು ಹೆಸರು ಹಿಡಿದು ಕರೆದ. ಸಾಲಾಗಿ ಬಂದು, ಪೆಟ್ಟಿಗೆಯ ಮುಂದೆ ತಲೆಬಾಗಿ, ಲುಡ್ಮಿಲಾಳ ಕೈ ಅದುಮಿ, ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯಲು ಹೋಗುತ್ತಿದ್ದರು. ಎಮಿಲ್ ಪೆಟ್ಟಿಗೆಯ ತಲೆಯ ಕಡೆ ಕಂಬದಂತೆ ನಿಂತಿದ್ದ. ಯಾರು ಏನು ಹೇಳಿದರೂ ಅವನ ಕಿವಿಯಲ್ಲಿ ಅಪ್ಪನ ಆ ಕೊನೆಯ ಮಾತೇ ಕೇಳುತ್ತಿತ್ತು.

ಸಾಲಿನಲ್ಲಿ ನಾರ್ಬರ್ಟ್ ಕ್ಲಿಂಗರ್ ಬಂದ. ಕಂದು ಬಣ್ಣದ ಕೋಟು, ಕೈಯಲ್ಲಿ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ. ನಾಲ್ಕು ಮೂಲೆಗೂ ಸ್ಕ್ರೂ ಬಿಗಿದ ಆ ಬಿಲ್ಲೆಯೊಳಗೆ ಎಮಿಲ್‌ನ ಕಾರ್ಡು. ಸಂಗ್ರಹದವರು ತಮ್ಮ ಅತ್ಯಂತ ಬೆಲೆಬಾಳುವುದನ್ನು ಇಡುವುದು ಹಾಗೆ. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು, ಮುದುಕನ ಎದೆಯ ಮೇಲೆ, ಜಪಮಾಲೆಯ ಪಕ್ಕದಲ್ಲಿ, ಅಂಕಿಗಳು ಮೇಲೆ ಬರುವಂತೆ ಇಟ್ಟ.

"ಇದು ನಿನಗೇ ಅಂತ ತೆಗೆದಿಟ್ಟಿದ್ದೆ ಎಮಿಲ್. ಸೆಪ್ಟೆಂಬರಿನ ದೊಡ್ಡ ಸಂತೇಲಿ ಎಲ್ಲರ ಮುಂದೆ ಕೊಟ್ಟು ಬೆರಗು ಮಾಡೋಣ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪಂಗೆ ಹೀಗಾಯ್ತು ಅಂತ ಕೇಳ್ದೆ. ಅವರ ಜೊತೇಲೇ ಹೋಗಲಿ. ನನ್ನ ಹತ್ರ ಇರೋದ್ರಲ್ಲಿ ಇದಕ್ಕಿಂತ ಒಳ್ಳೇದಿಲ್ಲ."

ಎಮಿಲ್ ಬಗ್ಗಿ ನೋಡಿದ. ಗೆಲುವು ಸೊನ್ನೆ, ಸೋಲು ಒಂದು.

"ಇದು ತಪ್ಪಿಂದು" ಎಂದ.

"ಹೌದು ಮತ್ತೆ, ತಪ್ಪಿರೋದಕ್ಕೇ ಅಲ್ವಾ ಬೆಲೆ. ತಿದ್ದದೇ ಬಿಟ್ಟಿದ್ರೆ ಎಲ್ಲಾ ಒಂದೇ, ಯಾರೂ ಮೂಸಿ ನೋಡ್ತಿರಲಿಲ್ಲ. ಅವರು ತಿದ್ದಿದ್ರು ನೋಡು, ಇನ್ನು ಇಂಥದು ಅಚ್ಚಾಗಲ್ಲ, ಇದು ಚಿನ್ನ ಆಯ್ತು. ಪಿಟ್ಸ್‌ಬರ್ಗಿಂದ ಎಲ್ಲಾ ಬಂದು ಕೇಳ್ತಾ ಇದಾರೆ. ನಿನ್ನ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ ಕಣೋ."

"ತಿದ್ದಿದ್ರಾ?" ಎಂದು ಎಮಿಲ್ ಕೇಳಿದ. ಅವನ ಬಾಯಿಂದ ಅಪ್ಪನ ಪ್ರಶ್ನೆಯೇ ಬಂದಿತ್ತು.

"ಯಾವಾಗಲೋ ಆಯ್ತಲ್ಲ. ಜುಲೈ ಮೊದಲಲ್ಲೇ ಹೊಸ ಪೆಟ್ಟಿಗೆ ಬಂತು. ಈ ಊರ ಅಂಗಡಿಗಳಲ್ಲಿ ಬಿಡು, ಇನ್ನೂ ಚಳಿಗಾಲದ ಮಾಲೇ ಕೊಳೀತಾ ಇದೆ. ನಂಗೆ ಡೀಲರ್ ಕಳಿಸಿದ್ದು."

"ತಿದ್ದಿದ್ದು ಎಲ್ಲಿವೆ?"

"ತಿದ್ದಿದ್ದಾ?" ನಾರ್ಬರ್ಟ್‌ಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಯಾರಿಗೂ ಬೇಡವಲ್ಲ. ಚಿಲ್ಲರೆ ಪೆಟ್ಟಿಗೇಲಿ ಹಾಕಿದ್ದೀನಿ, ಮಕ್ಕಳು ಹಿಡಿಹಿಡಿ ತಗೊಂಡು ಹೋಗ್ತಾರೆ. ಕಾರಲ್ಲೇ ಬಿದ್ದಿರಬೇಕು."

ಎಮಿಲ್ ಕೂಗಾಡಲಿಲ್ಲ. ಕೂಗಾಡಲು ಅವನಲ್ಲಿ ಏನೂ ಉಳಿದಿರಲಿಲ್ಲ. "ಒಂದು ತಂದು ಕೊಡ್ತೀಯಾ" ಎಂದ. ಅವನ ಮುಖ ನೋಡಿ ನಾರ್ಬರ್ಟ್ ಮರುಮಾತಾಡದೆ ಹೊರಗೆ ಹೋದ. ಹಿಂದಿನ ಸಾಲು ನಿಂತೇ ಇತ್ತು. ಯಾರೋ ಕೆಮ್ಮಿದರು. ನಾರ್ಬರ್ಟ್ ಏದುಸಿರು ಬಿಡುತ್ತಾ ವಾಪಸು ಬಂದು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಂತೆಯನ್ನೇ ಕೈಗಿಟ್ಟ. ಎಲ್ಲ ಕಾರ್ಡಿನಲ್ಲೂ ಎಮಿಲ್, ಎಲ್ಲದರಲ್ಲೂ ನಗುತ್ತಿದ್ದ. ಮೇಲಿನದೊಂದನ್ನು ತಿರುಗಿಸಿದ. ನುಣ್ಣಗಿನ ಕಾಗದ, ಕಪ್ಪು ಅಚ್ಚು. ಗೆಲುವು ಒಂದು, ಸೋಲು ಸೊನ್ನೆ.

ಜುಲೈ ಮೊದಲಿಂದ ಅದು ನಾಲ್ಕು ಬೀದಿಯಾಚೆ, ನಾರ್ಬರ್ಟ್‌ನ ಮನೆ ಮುಂದಿನ ಕಾರಿನ ಹಿಂದಿನ ಸೀಟಿನಲ್ಲಿತ್ತು. ಆಗ ಅಪ್ಪ ಇನ್ನೂ ದಿಂಬಿಗೆ ಒರಗಿ ಕೂರುತ್ತಿದ್ದ, ಕನ್ನಡಿ ಹಿಡಿದು ಓದುತ್ತಿದ್ದ.

ಎಮಿಲ್ ಎದೆಯ ಮೇಲಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಎತ್ತಿ ನಾರ್ಬರ್ಟ್‌ನ ಕೈಗೆ ಕೊಟ್ಟ. "ನಿನ್ನದು ನೀನಿಟ್ಕೋ. ಅಪ್ಪ ಕೇಳಿದ್ದು ಇದಲ್ಲ."

"ಏನು ಕೇಳಿದ್ರು?" ಎಂದ ನಾರ್ಬರ್ಟ್. ಲುಡ್ಮಿಲಾ ಅವನ ತೋಳು ಹಿಡಿದು, ಕಿವಿಯ ಹತ್ತಿರ, ನಾಲ್ಕು ಮಾತಿನಲ್ಲಿ ಹೇಳಿದಳು. ಕೇಳಿಸಿಕೊಂಡ ನಾರ್ಬರ್ಟ್ ಕನ್ನಡಕ ತೆಗೆದು, ಒರೆಸಲೂ ಮರೆತು, ಅದನ್ನು ಕೈಯಲ್ಲೇ ಹಿಡಿದು ನಿಂತ. "ಒಂದು ಮಾತು ನಂಗೆ ಹೇಳಬಾರದಿತ್ತಾ ತಾಯಿ" ಎಂದ. ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

ಎಮಿಲ್ ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಕಾರ್ಡನ್ನು ಅಪ್ಪನ ಮುಚ್ಚಿದ ಕಣ್ಣಿನ ಮುಂದೆ ಹಿಡಿದು, ಕ್ಯಾಂಟೀನಿನವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ. ಹೆಸರು, ಹುಟ್ಟಿದ ಊರು, ಎತ್ತರ, ತೂಕ, ಎಸೆಯುವ ಕೈ ಬಲಗೈ. ಪಂದ್ಯ ಮೂರು. ಗೆಲುವು ಒಂದು. ಸೋಲು ಸೊನ್ನೆ. ರನ್ನು ಸೊನ್ನೆ. ಓದಿ ಮುಗಿಸಿ, ಜನ ಇದ್ದಾರೆಂಬುದನ್ನೇ ಮರೆತು, ಕಾರ್ಡನ್ನು ಬೆಳಕಿಗೆ ಓರೆ ಮಾಡಿ ತೋರಿಸಿದ.

"ಸರಿಯಾಗಿ ನೋಡು ಅಪ್ಪಾ. ಇದು ನಾನು ಬರೆದಿದ್ದಲ್ಲ."